ಕೌದಿಯ ಬೆನ್ನು, ಸಂಚಿಯ ಹೊಟ್ಟೆ: ಹಳೆ ಬಟ್ಟೆಯ ಕಲೆ ನೋಡಲು ರಸಿಕರಿಗೊಂದು ಕೈಪಿಡಿ

ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕಿದ ಕೌದಿಯ ಮುಂದೆ ನಿಂತವರು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಒಂದನ್ನು ಆಡಿ ಮುಂದಕ್ಕೆ ಹೋಗುತ್ತಾರೆ. 'ಏನ್ ಬಣ್ಣ ಕಣ್ರೀ!' ಎನ್ನುವುದು ಒಂದು. 'ಇದನ್ನ ನಮ್ಮಜ್ಜೀನೂ ಹೊಲೀತಿತ್ತು ಬುಡಿ' ಎನ್ನುವುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಮೊದಲನೆಯವರು ಬಣ್ಣ ನೋಡಿದರು, ಎರಡನೆಯವರು ಅಜ್ಜಿಯನ್ನು ನೆನೆದರು. ಕೌದಿಯನ್ನು ಇಬ್ಬರೂ ನೋಡಲಿಲ್ಲ.

ಹೊಸ ಬಟ್ಟೆಯಲ್ಲಿ ಹೊಲಿಯುವವರು ಅಂಗಡಿಗೆ ಹೋಗಿ ಬೇಕಾದ ಬಣ್ಣವನ್ನು ಬೇಕಾದಷ್ಟು ಮೀಟರು ಹರಿಸಿಕೊಂಡು ಬರುತ್ತಾರೆ. ಹಳೆ ಬಟ್ಟೆಯಲ್ಲಿ ಹೊಲಿಯುವವಳಿಗೆ ಆ ಸವಲತ್ತಿಲ್ಲ. ಎಲ್ಲಿ ಸವೆದಿದೆ, ಎಲ್ಲಿ ಇನ್ನೂ ಗಟ್ಟಿಯಿದೆ, ಯಾವುದು ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ, ಎಷ್ಟು ಗೇಣು ಮಿಕ್ಕಿದೆ, ಇವೆಲ್ಲವನ್ನೂ ಬಟ್ಟೆ ಮೊದಲೇ ತೀರ್ಮಾನಿಸಿ ಕೂತಿರುತ್ತದೆ. ಆ ಹಠಮಾರಿ ಬಟ್ಟೆಯ ಜೊತೆ ಹೊಲಿದವಳು ಹೇಗೆ ಒಪ್ಪಂದ ಮಾಡಿಕೊಂಡಳು ಅನ್ನುವುದೇ ನೋಡಬೇಕಾದ ಸಂಗತಿ. ಬಣ್ಣ ಹೊಂದಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡೋಣ. ನಮ್ಮ ಮಳವಳ್ಳಿ ಸೀಮೆ ಕೌದಿಗೆ ಹೆಸರಾದ ಸೀಮೆಯಲ್ಲ. ಇಲ್ಲಿ ಚಳಿಗೆ ಕಂಬಳಿ ಇತ್ತು, ದುಪ್ಪಟಿ ಇತ್ತು. ಹಳೆ ಸೀರೆ ಮಡಿಸಿ ಹೊಲಿದ ಬೊಂತೆ ಕೂಸಿನ ಕೆಳಕ್ಕೋ ವಯಸ್ಸಾದವರ ಚಾಪೆಯ ಮೇಲಕ್ಕೋ ಸಾಕಾಗಿತ್ತು. ಅದನ್ನು ಯಾರೂ ನೆಂಟರ ಮುಂದೆ ಹರವಿ ತೋರಿಸುತ್ತಿರಲಿಲ್ಲ. ಕೌದಿಯ ದೊಡ್ಡ ಸೀಮೆ ತುಂಗಭದ್ರೆಯ ಆಚೆ, ಧಾರವಾಡ, ವಿಜಯಪುರ, ಕಲಬುರಗಿಯ ಕಡೆ. ನಮ್ಮವರ ಸೂಜಿಯ ಜಾಣತನವೆಲ್ಲ ಚೀಲಕ್ಕೆ ಹೋಯಿತು. ಎಲಡಕೆ ಚೀಲ ಎಂದರೆ ಮಂಡ್ಯ ಜಿಲ್ಲೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಈ ಕೈಪಿಡಿಯಲ್ಲಿ ಕೌದಿಯನ್ನು ನೋಡಲು ಉತ್ತರಕ್ಕೆ ಹೋಗಿ, ಚೀಲ ನೋಡಲು ಮನೆಗೆ ಬರೋಣ.

ಕೌದಿ ಸಿಕ್ಕಿದರೆ ಮೊದಲು ಅದರ ಬೆನ್ನು ನೋಡಿ. ಗೋಡೆಗೆ ಹಾಕಿದ್ದರೆ ಒಂದು ಮೂಲೆ ಎತ್ತಿ ತೋರಿಸಿ ಎಂದು ಅಲ್ಲಿರುವವರನ್ನು ಕೇಳಿ, ಸಂಕೋಚ ಬೇಡ. ಮುಂಭಾಗದಲ್ಲಿ ತೇಪೆಗಳ ಗದ್ದಲವಿರುತ್ತದೆ. ಬೆನ್ನಿಗೆ ಬಹಳ ಸಲ ಒಂದೇ ಹಳೆ ಸೀರೆ ಹಾಸಿರುತ್ತಾರೆ, ಅಲ್ಲಿ ಗದ್ದಲವಿಲ್ಲದೆ ಹೊಲಿಗೆಯೊಂದೇ ಕಾಣುತ್ತದೆ. ಸಾದಾ ಓಟದ ಹೊಲಿಗೆ. ಸೂಜಿ ಕೆಳಗೆ ಹೋಗಿ ಮೇಲೆ ಬರುವುದಷ್ಟೇ, ಕಸೂತಿಯ ಕಸರತ್ತೇನೂ ಇಲ್ಲ. ಆದರೆ ಮೂರು ನಾಲ್ಕು ಪದರದ ಮೂಲಕ ಒಂದೇ ಅಳತೆಯಲ್ಲಿ ಅದನ್ನು ಕೊನೆಯತನಕ ಒಯ್ಯುವುದು ಬೇರೆಯೇ ಕೆಲಸ. ದಾರ ಎಲ್ಲಿ ಮುಗಿದು ಇನ್ನೊಂದು ಹುಟ್ಟಿತು, ಗಂಟನ್ನು ಪದರದೊಳಗೆ ಅಡಗಿಸಿದ್ದಾಳೋ ಹಾಗೇ ಬಿಟ್ಟಿದ್ದಾಳೋ ನೋಡಿ. ಒಂದು ಕಡೆ ಹೊಲಿಗೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೆ ಅಲ್ಲಿ ಎರಡು ಕೈ ಕೂಡಿರಬಹುದು. ಕೌದಿ ಬಹಳ ಮನೆಗಳಲ್ಲಿ ಒಬ್ಬಳೇ ಕೂತು ಮಾಡುವ ಕೆಲಸವಲ್ಲ.

ಹೊಲಿಗೆಯ ಸಾಲು ಹತ್ತಿರವಿದ್ದಷ್ಟೂ ಬಟ್ಟೆ ಸಣ್ಣಗೆ ಅಲೆಯೇಳುತ್ತದೆ, ಆ ಅಲೆಗಳ ನಡುವೆ ಗಾಳಿ ಹಿಡಿದುಕೊಳ್ಳುತ್ತದೆ. ಬೆಚ್ಚಗಿರುವುದು ಅದರಿಂದ. ಇನ್ನೊಂದು ಲಾಭವಿದೆ: ಮೇಲಿನ ಪದರ ಎಲ್ಲಾದರೂ ಹರಿದರೆ ಹರಕು ಅಕ್ಕಪಕ್ಕದ ಎರಡು ಸಾಲಿನ ನಡುವೆಯೇ ನಿಲ್ಲುತ್ತದೆ. ಆದ್ದರಿಂದ ಹೊಲಿಗೆಯನ್ನು ಅಲಂಕಾರ ಎಂದುಕೊಂಡು ನೋಡಬೇಡಿ. ಅದು ಮೊದಲು ಕಟ್ಟಡ. ಚೆಂದ ಅದರ ಜೊತೆಯಲ್ಲೇ ಬಂದದ್ದು.

ಇನ್ನು ಮುಂಭಾಗಕ್ಕೆ ಬನ್ನಿ. ಇಲ್ಲಿ ಸೀರೆ ಸವೆಯುವ ಬಗೆ ಗೊತ್ತಿದ್ದವರಿಗೆ ಕಣ್ಣು ಬೇಗ ತೆರೆಯುತ್ತದೆ. ಸೀರೆ ಎಲ್ಲ ಕಡೆಯೂ ಒಂದೇ ಸಮ ಹಳೆಯದಾಗುವುದಿಲ್ಲ. ಕೂರುವ ಭಾಗ, ಮಂಡಿಯ ಭಾಗ ಮೊದಲು ಜಾಳಾಗುತ್ತದೆ. ಕೆಳಗಿನ ಅಂಚು ನೆಲಕ್ಕೆ ಉಜ್ಜಿ ಎಳೆ ಬಿಡುತ್ತದೆ. ಸೆರಗು ಬಿಸಿಲಿಗೆ ಮಾಸುತ್ತದೆ. ಒಳಕ್ಕೆ ಸಿಕ್ಕಿಸಿಕೊಳ್ಳುವ ತುದಿ ಮಾತ್ರ ಬೆಳಕು ಕಾಣದೆ ಅಂಗಡಿಯಿಂದ ತಂದ ದಿನದಂತೆಯೇ ಉಳಿದಿರುತ್ತದೆ. ಕೌದಿಯಲ್ಲಿ ಒಂದು ದಟ್ಟ ಕೆಂಪು, ಪಕ್ಕದಲ್ಲೇ ಒಂದು ಮಾಸಿದ ಕೆಂಪು ಕಂಡರೆ ಅವು ಎರಡು ಸೀರೆಯಾಗಿರಬೇಕೆಂದಿಲ್ಲ. ಒಂದೇ ಸೀರೆಯ ಎರಡು ತುದಿ ಇರಬಹುದು. ಪಳಗಿದ ಕೈ ಜಾಳಾದದ್ದನ್ನು ಒಳಪದರಕ್ಕೆ ಹಾಕುತ್ತದೆ, ಗಟ್ಟಿ ಅಂಚನ್ನು ಕೌದಿಯ ಅಂಚಿಗೇ ತರುತ್ತದೆ, ಯಾಕೆಂದರೆ ಹೊದೆಯುವವರು ಎಳೆದುಕೊಳ್ಳುವುದು ಅಲ್ಲೇ. ಅಂಚಿನಲ್ಲಿ ಜಾಳು ಬಟ್ಟೆ ಇಟ್ಟು ನಡುವೆ ಇಳಕಲ್ಲಿನ ಸೆರಗು ಮೆರೆಸಿದ್ದರೆ ಅದು ಹೊದೆಯಲು ಹೊಲಿದದ್ದಲ್ಲ, ಫೋಟೋಕ್ಕೆ ಹೊಲಿದದ್ದು.

ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬಲ್ಲಿ ಕಪ್ಪು ಹೆಂಗಸರು ದುಡಿಮೆಯ ಹಳೆ ಬಟ್ಟೆಗಳಲ್ಲಿ ಇಂಥದೇ ಹೊದಿಕೆ ಹೊಲಿಯುತ್ತಿದ್ದರು. ಹೊಲದಲ್ಲಿ ಸವೆದ ಜೀನ್ಸ್ ಪ್ಯಾಂಟಿನ ಜೇಬು ಬಿಚ್ಚಿದಾಗ ಜೇಬಿದ್ದ ಜಾಗ ಮಾತ್ರ ಗಾಢ ನೀಲಿಯಾಗಿ ಉಳಿದಿರುತ್ತದಲ್ಲ, ಅದನ್ನೂ ಮರೆಮಾಚದೆ ಮುಂದಕ್ಕೆ ತಂದಿದ್ದಾರೆ. 2002ರಲ್ಲಿ ಹ್ಯೂಸ್ಟನ್‌ನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಅವು ಪ್ರದರ್ಶನಗೊಂಡಾಗ ದೊಡ್ಡ ಸುದ್ದಿಯಾಯಿತು. ಅದೇ ವಿಟ್ನಿಯಲ್ಲಿ 1971ರಲ್ಲಿ ಇನ್ನೊಂದು ಪ್ರದರ್ಶನ ನಡೆದಿತ್ತು. ಮಂಚದ ಮೇಲಿದ್ದ ಹಳೆ ಹೊದಿಕೆಗಳನ್ನು ತಂದು ಅಮೂರ್ತ ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿದರು. ಜನ ಬೆರಗಾದರು, ಸರಿಯೇ. ಹೊಲಿದವರ ಹೆಸರು ಮಾತ್ರ ಬಹುಪಾಲು ಇರಲಿಲ್ಲ. ಗೋಡೆ ಹೊದಿಕೆಗೆ ಮರ್ಯಾದೆ ಕೊಟ್ಟಿತು. ಅದರ ತೂಕ, ಬೆನ್ನು, ಹೊಲಿದವಳು ಮೂರನ್ನೂ ಕಿತ್ತುಕೊಂಡಿತು. ಇವತ್ತು ಬೆಂಗಳೂರಿನ ಗ್ಯಾಲರಿಗಳಲ್ಲೂ ನಾವು ಆ ಗೋಡೆಯ ಮುಂದೆಯೇ ನಿಂತಿದ್ದೇವೆ ಎಂಬುದು ನೆನಪಿರಲಿ.

ಕರ್ನಾಟಕದಲ್ಲಿ ಒಂದೇ ಒಂದು ಬಗೆ ನೋಡಿ ಕಲಿಯಬೇಕೆಂದರೆ ನಾನು ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯನ್ನು ಹೇಳುತ್ತೇನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಊರುಗಳವರು. ಅವರು ಅಂಚಿನ ಒಂದು ಮೂಲೆಯಿಂದ ಹೊಲಿಯಲು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ತೇಪೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಹೊಲಿಗೆ ಮುಂದುವರಿದಂತೆ ಕೈಗೆ ಬಂದ ತುಂಡನ್ನು ಮಡಚಿ ಇಡುತ್ತಾ ಹೋಗುತ್ತಾರೆ. ಅದರ ಮೇಲೆ ಚಿಕ್ಕ ಚಿಕ್ಕ ಬಣ್ಣದ ತುಂಡು, ತಿಕೇಲಿ, ಕೂರಿಸುತ್ತಾರೆ. ಕವಂದಿಯ ಮುಂದೆ ನಿಂತಾಗ ನಿಮ್ಮ ಕಣ್ಣನ್ನೂ ಅಂಚಿನಿಂದ ಹೊರಡಿಸಿ ಹೊಲಿಗೆಯ ಹಿಂದೆ ಒಳಕ್ಕೆ ಕಳಿಸಿ. ಮೂಲೆ ತಿರುಗುವಲ್ಲಿ ಸಾಲು ಹೇಗೆ ಮುರಿಯುತ್ತದೆ, ನಡುವಿಗೆ ಬರುವಷ್ಟರಲ್ಲಿ ಬಟ್ಟೆ ಉಬ್ಬಿದೆಯೋ ಸಮವಾಗಿ ಕೂತಿದೆಯೋ ಅನ್ನುವುದರಲ್ಲಿ ಹೊಲಿದವಳ ಅನುಭವ ತಿಳಿದುಹೋಗುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಸೇರಿಸಿದ್ದು ಕಾಣುತ್ತದೆ. ಅದನ್ನು ಫೂಲ ಅನ್ನುತ್ತಾರೆ. ಫೂಲ ಬೀಳದೆ ಕವಂದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಕ್ರೈಸ್ತ ಸಿದ್ದಿಯರ ಕೆಲಸದಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರ ಕೆಲಸದಲ್ಲಿ ಅರ್ಧಚಂದ್ರ ಒಮ್ಮೊಮ್ಮೆ ಇಣುಕುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ 2004ರ ಸುಮಾರಿಗೆ ಇವರ ಜೊತೆ ಕೆಲಸ ಶುರುಮಾಡಿದ ಮೇಲೆ ಕವಂದಿ ಹೊರಜಗತ್ತಿಗೆ ಕಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಷೋಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನವೂ ಆಯಿತು. ಯಲ್ಲಾಪುರದ ಕವಂದಿಯನ್ನು ಮಂಡ್ಯದವರು ನೋಡುವ ಮೊದಲೇ ನ್ಯೂಯಾರ್ಕಿನವರು ನೋಡಿದರು. ನಮ್ಮ ಪಾಡೇ ಹೀಗೆ.

ಹಳೆ ಬಟ್ಟೆಯ ಮಾತು ಬಂದಾಗ ಜಪಾನನ್ನು ಬಿಟ್ಟು ಹೋಗಲಾಗದು, ಯಾಕೆಂದರೆ ಈಗ ಲೋಕದಾದ್ಯಂತ ಹೊದಿಕೆ, ಚೀಲ ಹೊಲಿಯುವ ಹವ್ಯಾಸಿಗಳು ಹುಡುಕಿಕೊಂಡು ಹೋಗುವುದು ಅಲ್ಲಿನ ಹಳೆ ಕಿಮೋನೊ ಬಟ್ಟೆಯನ್ನೇ. ಅದಕ್ಕೆ ಬಣ್ಣ, ಅಚ್ಚಿನ ಚೆಂದವಷ್ಟೇ ಕಾರಣವಲ್ಲ. ಕಿಮೋನೊ ಬಟ್ಟೆಯ ಸುರುಳಿ ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದ ಇರುತ್ತದೆ. ಅದನ್ನು ನೆಟ್ಟಗಿನ ಪಟ್ಟಿಗಳಾಗಿ ಮಾತ್ರ ಕತ್ತರಿಸುತ್ತಾರೆ. ನಮ್ಮ ರವಿಕೆಯ ಹಾಗೆ ಕಂಕುಳಿಗೊಂದು ಕತ್ತಿಗೊಂದು ಎಂದು ಕೊರೆಯುವುದಿಲ್ಲ. ಮೊದಲೆಲ್ಲ ಒಗೆಯುವಾಗ ಕಿಮೋನೊವನ್ನು ಪೂರ್ತಿ ಬಿಚ್ಚಿ, ಪಟ್ಟಿ ಪಟ್ಟಿಯಾಗಿ ಒಗೆದು, ಮತ್ತೆ ಹೊಲಿಯುತ್ತಿದ್ದರು. ಹಾಗಾಗಿ ಹಳೆ ಕಿಮೋನೊ ಬಿಚ್ಚಿದರೆ ಉದ್ದುದ್ದ ಆಯತಗಳೇ ಸಿಗುತ್ತವೆ, ಚೂರು ವ್ಯರ್ಥವಿಲ್ಲ. ಕಿಮೋನೊ ಬಟ್ಟೆಯ ಹೊದಿಕೆಯಲ್ಲಿ ಪಟ್ಟಿಗಳ ಅಗಲ ಎಷ್ಟಿದೆ ನೋಡಿ. ಮೂಲ ಅಗಲವನ್ನು ಉಳಿಸಿಕೊಂಡು ವಿನ್ಯಾಸ ಕಟ್ಟಿದವರಿಗೂ, ಚೆಂದದ ಹೂವೊಂದನ್ನು ಕತ್ತರಿಸಿ ತೆಗೆದು ಮಿಕ್ಕಿದ್ದನ್ನು ಬಿಸಾಡಿದವರಿಗೂ ಅಜಗಜಾಂತರ.

ಅದೇ ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿ ಅವೊಮೊರಿಯಲ್ಲಿ ಹತ್ತಿ ಬೆಳೆಯದಷ್ಟು ಚಳಿ. ರೈತಾಪಿ ಜನ ನಾರಿನ ಬಟ್ಟೆ ತೊಟ್ಟರು. ಪಶ್ಚಿಮದ ಪಟ್ಟಣಗಳಿಂದ ಹಡಗಿನಲ್ಲಿ ಬಂದ ಹಳೆ ಹತ್ತಿಯ ಚಿಂದಿಯನ್ನು ಕಾಸು ಕೊಟ್ಟು ಕೊಂಡು ಒಂದರ ಮೇಲೊಂದು ಹಚ್ಚಿದರು. ಬೊರೊ ಎನ್ನುವ ಈ ನೀಲಿ ತೇಪೆಯ ಬಟ್ಟೆಗಳು ತಲೆಮಾರು ದಾಟಿದಷ್ಟೂ ದಪ್ಪವಾಗುತ್ತಾ ಹೋದವು. ಅಲ್ಲಿಯವರು ಬಹುಕಾಲ ಇವನ್ನು ನಾಚಿಕೆಯ ವಸ್ತುವೆಂದೇ ಬಚ್ಚಿಟ್ಟರು. ಚುಜಾಬುರೊ ತನಾಕಾ ಎಂಬವರು ಮನೆಮನೆ ತಿರುಗಿ ಕೂಡಿಸಿದ ಬೊರೊಗಳು 2009ರಿಂದ 2019ರವರೆಗೆ ಟೋಕಿಯೊದ ಅಸಾಕುಸಾದಲ್ಲಿದ್ದ ಅಮ್ಯೂಸ್ ಮ್ಯೂಸಿಯಮ್ಮಿನಲ್ಲಿ ಜನರ ಕಣ್ಣಿಗೆ ಬಿದ್ದವು. ಬೊಂತೆಯನ್ನು ನೆಂಟರಿಗೆ ಕಾಣದಂತೆ ಒಳಗೆ ನೂಕುವ ನಮ್ಮವರಿಗೆ ಈ ಕಥೆ ಅರ್ಥವಾಗದ್ದೇನಲ್ಲ.

ತೇಪೆಗೆ ಇದಕ್ಕಿಂತ ಹಳೆಯ ಗೌರವವೂ ಒಂದಿದೆ. ಬೌದ್ಧ ವಿನಯ ಗ್ರಂಥದಲ್ಲಿ ಬರುವಂತೆ, ಮಗಧದ ಭತ್ತದ ಗದ್ದೆಗಳನ್ನೂ ಬದುಗಳನ್ನೂ ತೋರಿಸಿ ಬುದ್ಧ ಆನಂದನಿಗೆ ಭಿಕ್ಷುಗಳ ಚೀವರವನ್ನು ಅದೇ ರೀತಿ ತುಂಡು ಜೋಡಿಸಿ ಮಾಡಬಹುದೇ ಎಂದು ಕೇಳಿದನಂತೆ. ಜಪಾನಿನ ಭಿಕ್ಷುಗಳು ಹೊದೆಯುವ ಕೇಸಾದಲ್ಲಿ ಆ ಗದ್ದೆಯ ವಿನ್ಯಾಸ ಇವತ್ತಿಗೂ ಇದೆ. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಊರಿನವರು ಕೇಸಾದ ಚಿತ್ರ ನೋಡಿದರೆ ಬದು ಯಾವುದು, ಮಡಿ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಚೀಲ. ಪ್ರದರ್ಶನದವರು ಚೀಲಕ್ಕೆ ಮಾಡುವ ಅನ್ಯಾಯ ಕೌದಿಗೆ ಮಾಡುವುದಕ್ಕಿಂತ ದೊಡ್ಡದು. ಗಾಜಿನ ಪೆಟ್ಟಿಗೆಯೊಳಗೆ ಬಾಯಿ ಮುಚ್ಚಿ ಇಟ್ಟುಬಿಡುತ್ತಾರೆ. ಚೀಲವೆಂದರೆ ಒಳಗು. ಎಲಡಕೆ ಚೀಲದ ಹೊರಮೈಯಲ್ಲಿ ಏನಿದೆ? ಕೋರಾ ಬಟ್ಟೆಯೋ ಹಳೆ ಪಂಚೆಯೋ, ಅಂಚಿಗೆ ಕೆಂಪು ಪಟ್ಟಿ, ಎರಡು ಕಡೆಯಿಂದ ಎಳೆದರೆ ಬಾಯಿ ಮುಚ್ಚುವ ದಾರ. ಒಳಗೆ ನೋಡಿ: ಎಲೆಗೆ ಅಗಲವಾದ ಜಾಗ, ಬಾಗದೆ ಮುರಿಯದೆ ಕೂರಬೇಕಲ್ಲ, ಅಡಿಕೆಗೆ ಆಳವಾದದ್ದು, ಸುಣ್ಣದ ಡಬ್ಬಿಗೆ ಬಿಗಿಯಾದದ್ದು, ಹೊಗೆಸೊಪ್ಪಿಗೆ ಎಲೆಯಿಂದ ದೂರ, ಘಾಟು ತಾಗದಂತೆ, ಚಿಲ್ಲರೆಗೆ ಎಲ್ಲಕ್ಕಿಂತ ಒಳಗೆ, ಮೊಮ್ಮಕ್ಕಳ ಕೈ ಹೋಗದಂತೆ. ಜೇಬುಗಳ ಈ ಸರದಿಯೇ ವಿನ್ಯಾಸ. ಮೊದಲು ಸವೆಯುವುದು ಗಟ್ಟಿ ಡಬ್ಬಿ ಉಜ್ಜುವ ಜಾಗ. ಅಲ್ಲಿ ಎರಡನೆಯ ಪದರ ಕೊಟ್ಟಿದ್ದರೆ ಹೊಲಿದವಳು ತಾನೂ ಎಲೆ ಹಾಕುವವಳೇ ಎಂದು ತಿಳಿಯಿರಿ. ಇನ್ನೊಂದು ಮಾತು: ಹಳೆಯ ಸಂಚಿಯನ್ನು ಪ್ರದರ್ಶನಕ್ಕೆಂದು ಬೆಳ್ಳಗೆ ಒಗೆದು ಇಡುವುದು ನನಗೆ ಸೇರದು. ಅಡಿಕೆಯ ಕಂದು ಕಲೆ ಹೋದರೆ ಅದು ಯಾವುದೋ ಬಟ್ಟೆ ಚೀಲ ಅಷ್ಟೇ.

ಈ ಸಂಚಿ ನಮ್ಮ ಸೀಮೆಯಲ್ಲಿ ಸಾಹಿತ್ಯಚರಿತ್ರೆಗೇ ಸೇರಿದ ವಸ್ತು. ಮಳವಳ್ಳಿಯಿಂದ ಕಾವೇರಿ ದಾಟಿ ಕೊಳ್ಳೇಗಾಲದ ದಾರಿ ಹಿಡಿದರೆ ಆಚೆ ಯಳಂದೂರು. ಅಲ್ಲಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಯಡಿಕೆ ಸಂಚಿ ಹಿಡಿಯುವ ಊಳಿಗದವಳಾಗಿದ್ದಳು. ಚಿಕ್ಕದೇವರಾಜರ ಆಳ್ವಿಕೆ 1673ರಿಂದ 1704. 'ಹದಿಬದೆಯ ಧರ್ಮ' ಬರೆದ ಆಕೆಯನ್ನು ನಾವು ಇವತ್ತಿಗೂ ಕರೆಯುವುದು ಸಂಚಿಯ ಹೆಸರಿನಲ್ಲೇ. ಆ ಸಂಚಿ ಯಾವ ಬಟ್ಟೆಯದು, ಎಷ್ಟು ಜೇಬಿನದು ಎಂದು ಯೋಚಿಸಿದರೆ ಸಾಹಿತ್ಯದ ಮೇಷ್ಟ್ರುಗಳು ನಗಬಹುದು. ನಗಲಿ.

ಜೋಳಿಗೆ ನೋಡಲು ಗ್ಯಾಲರಿಗೆ ಹೋಗಬೇಕಾಗಿಲ್ಲ. ಮಂಟೇಸ್ವಾಮಿ ಪರಂಪರೆಯ ಮಠವಿರುವ ಬೊಪ್ಪೇಗೌಡನಪುರ ನಮ್ಮ ತಾಲ್ಲೂಕಿನದೇ. ಪುಷ್ಯ ಮಾಸದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಗೆ ಹೋದರೆ ಆ ಪರಂಪರೆಯ ನೀಲಗಾರರ ಹೆಗಲ ಮೇಲೆ ಬೇಕಾದಷ್ಟು ಬಗೆ ಕಾಣಬಹುದು. ಅಲ್ಲಿ ಒಂದೇ ಒಂದು ಜಾಗ ನೋಡಿ: ಹೆಗಲ ಪಟ್ಟಿ ಚೀಲಕ್ಕೆ ಸೇರುವ ಜಾಗ. ರಾಗಿ, ಅಕ್ಕಿ ತುಂಬಿದಾಗ ಇಡೀ ಭಾರ ಅಲ್ಲಿ ಬೀಳುತ್ತದೆ. ಪಟ್ಟಿಯನ್ನು ಬೇರೆ ಕತ್ತರಿಸಿ ಅಂಟಿಸಿದಂತೆ ಹೊಲಿದಿದ್ದರೆ ಮೊದಲು ಕೀಳುವುದು ಅದೇ. ಪಟ್ಟಿಯನ್ನೂ ಒಡಲನ್ನೂ ಒಂದೇ ಉದ್ದದ ಬಟ್ಟೆಯಲ್ಲಿ ಎತ್ತಿದ್ದರೆ ಭಾರ ಹೊಲಿಗೆಯ ಮೇಲೆ ಬೀಳದೆ ನೇಯ್ಗೆಯ ಮೇಲೆ ಬೀಳುತ್ತದೆ. ಜಪಾನಿನ ಅಜುಮಾ ಚೀಲದ ಗುಟ್ಟೂ ಇಷ್ಟೇ. ಅಗಲದ ಮೂರರಷ್ಟು ಉದ್ದದ ಒಂದು ಪಟ್ಟಿ. ಒಂದು ತುದಿಯಿಂದ ಮೂರನೆಯ ಒಂದು ಭಾಗ ಮಡಚಿ ಒಂದು ಅಂಚು ಹೊಲಿ, ಇನ್ನೊಂದು ತುದಿಯಿಂದ ಮಡಚಿ ಎದುರಿನ ಅಂಚು ಹೊಲಿ, ಮಿಕ್ಕ ಎರಡು ಚುಂಗನ್ನು ಗಂಟು ಹಾಕಿದರೆ ಹಿಡಿಕೆ. ಹಳೆ ಟವಲಿನಲ್ಲಿ ಒಮ್ಮೆ ಮಾಡಿ ನೋಡಿದರೆ ಮುಂದೆ ಯಾವ ಚೀಲ ನೋಡಿದರೂ ಕಣ್ಣು ತಾನಾಗೇ ಹೊಲಿಗೆಯ ಜಾಗಕ್ಕೆ ಹೋಗುತ್ತದೆ.

ಲಂಬಾಣಿ ಚೀಲಗಳ ವಿಷಯ ಬೇರೆಯೇ ಬರೆಯಬೇಕಾದದ್ದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ, 2023ರಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರ ಕೈಯ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ದಾಖಲೆ ಒಳ್ಳೆಯದೇ. ಆದರೆ ಸಾವಿರದ ಮೇಲೆ ವಸ್ತು ಒಟ್ಟಿಗೆ ಇಟ್ಟಾಗ ಒಂದನ್ನೂ ನೋಡಲಾಗದು. ಒಂದೇ ಚೀಲ ಆರಿಸಿಕೊಂಡು ಅದರ ಮುಂದೆ ಹತ್ತು ನಿಮಿಷ ನಿಲ್ಲುವುದು ಮೇಲು.

ರೇಷ್ಮೆಯ ಬಗ್ಗೆ ಎಚ್ಚರ. ನಮ್ಮದು ಹಿಪ್ಪುನೇರಳೆಯ ಸೀಮೆ, ಹೊಳೆಯಾಚೆ ಕೊಳ್ಳೇಗಾಲದ ಮಗ್ಗ. ಹಾಗಾಗಿ ಪೆಟ್ಟಿಗೆಯಲ್ಲಿ ಹಳೆ ರೇಷ್ಮೆ ಸೀರೆ ಇರುವುದು ಸಹಜ. ಜಪಾನಿಗೂ ನಮ್ಮ ರೇಷ್ಮೆಗೂ ಹಳೆ ನಂಟು: ಜಮ್ಶೆಟ್ಜಿ ಟಾಟಾ ಬೆಂಗಳೂರಿನ ತಮ್ಮ ರೇಷ್ಮೆ ತೋಟಕ್ಕೆ ಜಪಾನಿನ ತಜ್ಞರನ್ನು ಕರೆಸಿದ್ದರು. ಆದರೆ ಹಳೆ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಜರಿ ಪಕ್ಕದ ಎಳೆಯನ್ನು ಉಜ್ಜಿ ಕೊಯ್ಯುತ್ತದೆ. ರೇಷ್ಮೆಯ ಹೊದಿಕೆಯೋ ಚೀಲವೋ ಕಂಡರೆ ಪ್ರತಿ ತುಂಡಿನ ಬೆನ್ನಿಗೂ ತೆಳು ಹತ್ತಿ ಬಟ್ಟೆ ಕೊಟ್ಟಿದ್ದಾರೆಯೇ ಎಂದು ಕೇಳಿ. ಕೊಡದಿದ್ದರೆ ಇನ್ನು ಕೆಲವೇ ವರ್ಷದಲ್ಲಿ ಅದು ಪುಡಿ. ಹಳೆ ಕಿಮೋನೊದ ಕೆಂಪು ಒಳಬಟ್ಟೆಯೂ ನೀರು ಕಂಡರೆ ಬಣ್ಣ ಬಿಡುವ ಜಾತಿ.

ನಕಲನ್ನು ಗುರುತಿಸುವುದು ಕಷ್ಟವಲ್ಲ. ಮೇಳಗಳಲ್ಲಿ ಈಗ ಹೊಸ ಬಟ್ಟೆಯನ್ನೇ ಒಂದೇ ಅಳತೆಗೆ ಕತ್ತರಿಸಿ, ಮೆಷಿನ್ನಿನಲ್ಲಿ ಹೊಲಿದು, ಕೌದಿ ಎಂದು ಮಾರುತ್ತಾರೆ. ಎಲ್ಲ ತುಂಡಿನ ಸವೆತ ಒಂದೇ ಸಮ ಇದ್ದರೆ ಅನುಮಾನಪಡಿ. ತಿರುಗಿಸಿದಾಗ ಬೆನ್ನಿನ ಹೊಲಿಗೆಯಲ್ಲಿ ಬಿಡುವೇ ಇಲ್ಲದೆ ಗೆರೆ ಎಳೆದಂತಿದ್ದರೆ ಅದು ಮೆಷಿನ್ನಿನದೇ. ಮೆಷಿನ್ ಹೊಲಿಗೆ ಪಾಪವೇನಲ್ಲ, ಬೆಲೆ ಕೈಹೊಲಿಗೆಯದು ಹೇಳಬಾರದಷ್ಟೇ.

ನೋಡಲು ಹೋಗುವವರಿಗೆ ಒಂದೆರಡು ಮಾತು. ಪ್ರದರ್ಶನದ ಕೋಣೆ ಮಬ್ಬಾಗಿದೆಯೆಂದು ಗೊಣಗಬೇಡಿ. ಹಳೆ ಬಟ್ಟೆಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಮ್ಯೂಸಿಯಮ್ಮುಗಳ ರೂಢಿ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಿ. ಮುಟ್ಟಬೇಡಿ, ಆದರೆ ಮುಟ್ಟಿ ನೋಡಲೆಂದೇ ಒಂದು ತುಂಡು ಇಡಿ ಎಂದು ನಡೆಸುವವರಿಗೆ ಹೇಳಿ, ಯಾಕೆಂದರೆ ತೂಕ ಗೊತ್ತಾಗದೆ ಕೌದಿ ಗೊತ್ತಾಗದು. ಚೀಟಿಯಲ್ಲಿ ಊರು, ಸಂಸ್ಥೆ, ವಿನ್ಯಾಸಕಾರರ ಹೆಸರು ಇದ್ದು ಹೊಲಿದವಳ ಹೆಸರಿಲ್ಲದಿದ್ದರೆ ಕೇಳಿಯೇ ಬನ್ನಿ. ಕಣ್ಣು ಪಳಗಿಸಲು ಹತ್ತಿರದ ಜಾಗವೆಂದರೆ ರಾಮನಗರದ ಜಾನಪದ ಲೋಕ. ಕಟ್ಟಿದವರು ನಮ್ಮ ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು. ಹಳ್ಳಿಮನೆಯ ಬಳಕೆಯ ವಸ್ತುಗಳ ನಡುವೆ ನಿಂತು, ಇವನ್ನೆಲ್ಲ ಯಾವುದರಲ್ಲಿ ಸುತ್ತುತ್ತಿದ್ದರು, ಯಾವುದರಲ್ಲಿ ಹೊರುತ್ತಿದ್ದರು ಎಂದು ಕೇಳಿಕೊಳ್ಳುತ್ತಾ ನಡೆದರೆ ಅರ್ಧ ದಿನ ಸಾಲದು.

ಬೆಲೆ ಕೇಳಿ ಹೌಹಾರುವ ಮೊದಲು ಒಂದು ಲೆಕ್ಕ ಹಾಕಿ. 6 ಅಡಿ ಉದ್ದ 4 ಅಡಿ ಅಗಲದ ಕೌದಿಯಲ್ಲಿ ಅರ್ಧ ಇಂಚಿಗೊಂದು ಸಾಲು ಎಂದರೆ 96 ಸಾಲು, ಅಂದರೆ 576 ಅಡಿ ಹೊಲಿಗೆ. ಇಂಚಿಗೆ ನಾಲ್ಕು ಎಂದು ಹಿಡಿದರೂ ಸೂಜಿ 27 ಸಾವಿರಕ್ಕೂ ಹೆಚ್ಚು ಸಲ ಇಳಿದು ಏಳಬೇಕು. ಹಳೆ ಬಟ್ಟೆ ಒಗೆದು, ಒಣಗಿಸಿ, ಜಾಳು ಗಟ್ಟಿ ಬೇರ್ಪಡಿಸಿ, ಹರಿದು ಒಪ್ಪಮಾಡಿದ ಕೂಲಿ ಇದರಲ್ಲಿ ಸೇರಿಲ್ಲ. ಇಷ್ಟಾದ ಮೇಲೂ ಕೈ ಹಿಂದೆ ಬಂದರೆ ಬೇಸರವಿಲ್ಲ, ಪಕ್ಕದ ಮಳಿಗೆಯಲ್ಲಿ ಎಲಡಕೆ ಚೀಲ ಕೊಳ್ಳಿ. ಬಾಯಿ ಬಿಚ್ಚಿಸಿ ಜೇಬು ಎಣಿಸಿಕೊಂಡು ದುಡ್ಡು ಕೊಡಿ.